ಎದುರು ಸುತ್ತು

"ಆ ಪದ ಕಟ್ಟಿದ ಬೇವರ್ಸಿ ಮುಂಡೆ ಯಾವಳೇ ನಿಮ್ಮಲ್ಲಿ?"

ಪಾರುಪತ್ಯಗಾರ ಲೇಡ್‌ಲಾ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. ಸ್ಕಾಟ್ಲೆಂಡಿನ ತೆಂಕಣ ಸೀಮೆಯವನು; ಈ ಬಡಗಣ ದ್ವೀಪದಲ್ಲಿ ಹನ್ನೆರಡು ವರ್ಷವಿದ್ದು ಬೈಯುವಷ್ಟು ಭಾಷೆ ಕಲಿತಿದ್ದ.

ಎಂಟು ಹೆಂಗಸರು ಉದ್ದ ಹಲಗೆಯ ಸುತ್ತ ಕೂತು ಒದ್ದೆ ಉಣ್ಣೆಬಟ್ಟೆಯನ್ನು ಬಡಿಯುತ್ತಿದ್ದರು. ದ್ವೀಪದ ಒಡೆಯನಾದ ದೊರೆಯ ಮಗನಿಗೆ ಮದುವೆಯ ಕೋಟು ಹೊಲಿಸಲಿಕ್ಕೆ. ಹಳಸಿದ ಉಚ್ಚೆಯಲ್ಲಿ ನೆನೆಸಿ ಬಡಿಯದೆ ಉಣ್ಣೆ ಬಿಗಿಯಾಗುವುದಿಲ್ಲ. ಮನೆಮನೆಯಿಂದ ತಿಂಗಳಿಡೀ ಕೂಡಿಟ್ಟದ್ದು ತೊಟ್ಟಿಯಲ್ಲಿತ್ತು. ಬಟ್ಟೆ ಕೈಯಿಂದ ಕೈಗೆ ಸೂರ್ಯ ಹೋಗುವ ದಿಕ್ಕಿಗೇ ಸುತ್ತಬೇಕು. ಎದುರು ಸುತ್ತುವುದು ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಮಾತ್ರ.

"ಒಳಕ್ಕೆ ಬನ್ನಿ ಬುದ್ದೀ," ಎಂದಳು ಮುದುಕಿ ರೋನಿಚ್. "ನಮ್ಮೆಲ್ಲಾರ ಉಚ್ಚೆನೂ ಚಿಕ್ಕದೊರೆಗಳ ಮೈಮ್ಯಾಲೇ ಹೋಗೋದು. ತಮಗ್ಯಾಕೆ ಅಸಯ್ಯ?"

ಹೆಂಗಸರು ಕಿಸಕ್ಕನೆ ನಕ್ಕರು. ಓಯ್ರಿಕ್ ನಗಲಿಲ್ಲ. ದೊರೆಯನ್ನು ಹಂಗಿಸುವ ಆ ಪದ ಅವಳದೇ. ಹೋದ ಬೇಸಿಗೆಯಲ್ಲಿ ದೊರೆಯ ಕುರಿ ಮೇಯಲೆಂದು ಮೇಲಿನ ಕಣಿವೆಯ ಹದಿನೆಂಟು ಮನೆ ಸುಟ್ಟರಲ್ಲ, ಅದರಲ್ಲಿ ಅವಳದೂ ಒಂದು. ಅಕ್ಷರ ಬಾರದವಳು. ಬಾಯಲ್ಲೇ ಕಟ್ಟಿದ್ದು ಬಾಯಿಂದ ಬಾಯಿಗೆ ಹಬ್ಬಿ ದೊರೆಯ ಊಟದ ಮನೆವರೆಗೂ ಮುಟ್ಟಿತ್ತು. ಈಗ ಅವಳು ಅಣ್ಣನ ಹೆಂಡತಿ ಬೆಹಾಕ್‌ಳ ಮನೆಯಲ್ಲಿದ್ದಳು. ಅಣ್ಣ ಸಮುದ್ರದ ಪಾಲಾಗಿದ್ದ. ಬೆಹಾಕ್ ತುಂಬು ಬಸುರಿ.

"ನೀನೇ ಅಂತ ಗೊತ್ತು ಕಣೇ," ಲೇಡ್‌ಲಾ ಓಯ್ರಿಕ್‌ಳತ್ತ ಬೆತ್ತ ಚಾಚಿದ. "ಈಗ ಇಲ್ಲೇ ದೊರೆನ ಹೊಗಳಿ ಹಾಡು. ಎಲ್ರೂ ಸೊಲ್ಲು ಹಿಡೀಬೇಕು. ಇಲ್ದಿದ್ರೆ ನಿನ್ನ ಅತ್ತಿಗೆ ಸೂರಿಗೆ ಇವತ್ತೇ ಬೆಂಕಿ. ನನ್ನ ಆಳುಗಳು ಪಂಜು ಹಿಡ್ಕೊಂಡು ಅಲ್ಲೇ ನಿಂತವ್ರೆ."

ಓಯ್ರಿಕ್‌ಗೆ ಮೈಯೆಲ್ಲ ಉರಿದುಹೋಯಿತು. ಎದುರಿಗೆ ಕೂತ ಅತ್ತಿಗೆಯ ಹೊಟ್ಟೆ ಕಣ್ಣಿಗೆ ಬಿತ್ತು. ಹಾಳಾಗಿಹೋಗಲಿ ನನ್ನ ಮಾನ ಎಂದುಕೊಂಡು ಬಾಯಿ ತೆರೆದಳು.

"ನಮ್ಮ ದೊರೆ ದಯೆಯ ಕಡಲು..."

ಒಬ್ಬಳು ಸಾಲು ಹೇಳಿದರೆ ಉಳಿದವರು ಸೊಲ್ಲು ಹಿಡಿಯುವುದು ಪದ್ಧತಿ. ಯಾರೂ ಹಿಡಿಯಲಿಲ್ಲ. ಬಡಿಯುವ ಕೈಗಳೂ ನಿಂತವು. ಮತ್ತೆ ಅದೇ ಸಾಲು ಹಾಡಿದಳು.

"ಮುಚ್ಚೇ ಬಾಯಿ!" ಎಂದಳು ಬೆಹಾಕ್.

"ಅತ್ತಿಗೇ, ನಿನ್ನ ಮನೆ ಕಣೇ... ಕೂಸು..."

"ನನ್ನ ಮನೆ ನಂಗೊತ್ತು. ಇವತ್ತು ಹಾಡಿದ್ರೆ ನಾಳೆ ಸುಡಾಕಿಲ್ವಾ ಈ ನನ್ಮಗ? ಮೇಲಿನ ಕಣಿವೆಯೋರು ಕಾಲು ಹಿಡಿದ್ರಲ್ಲ, ಬಿಟ್ನಾ?"

ಬೆಹಾಕ್ ಎಂದೂ ಮುಂದಾಗಿ ಹಾಡಿದವಳಲ್ಲ, ದನಿ ಒಡಕು. ಆ ಒಡಕು ದನಿಯಲ್ಲೇ ನಾದಿನಿಯ ಪದ ಎತ್ತಿಕೊಂಡಳು:

"ನನ್ನ ಒಲೆಯ ಬೂದಿ ಇನ್ನೂ ಆರಿಲ್ಲ, ದೊರೆಯೇ,
ಅದರ ಮ್ಯಾಲೆ ನಿನ್ನ ಕುರಿ ಮಲಗ್ಯಾವೆ."

ರೋನಿಚ್ ಸೊಲ್ಲು ಹಿಡಿದಳು. ಆಮೇಲೆ ಎಲ್ಲರೂ ಹಿಡಿದರು. ಹಲಗೆ ದಡದಡ ಅದುರಿತು. ಓಯ್ರಿಕ್ ತನ್ನ ಕೈಗೆ ಬಂದ ಬಟ್ಟೆಯನ್ನು ಬಂದ ಕಡೆಗೇ ದೂಡಿದಳು. ಪಕ್ಕದವಳು ಒಂದು ಗಳಿಗೆ ಅವಳ ಮುಖ ನೋಡಿ ತಾನೂ ಅದೇ ದಿಕ್ಕಿಗೆ ದೂಡಿದಳು. ಚಿಕ್ಕದೊರೆಯ ಮದುವೆ ಬಟ್ಟೆ ಎದುರು ಸುತ್ತತೊಡಗಿತು.

ಲೇಡ್‌ಲಾನ ಮುಖ ಬಿಳುಚಿತು. "ನಿಲ್ಸ್ರೇ, ಲೌಡಿ ಮುಂಡೇರಾ! ನಿಲ್ಸ್ರೇ!" ಯಾರೂ ನಿಲ್ಲಿಸಲಿಲ್ಲ. ಅವನು ಆಳುಗಳನ್ನು ಕೂಗುತ್ತಾ ಹೊರಗೆ ಓಡಿದ.

ಸ್ವಲ್ಪ ಹೊತ್ತಿಗೆ ಹುಲ್ಲು ಸೂರು ಹೊತ್ತಿದ ವಾಸನೆ ಬಂತು. ಬೆಹಾಕ್ ತಲೆಯೆತ್ತಲಿಲ್ಲ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಡಿಯುತ್ತಲೇ ಇದ್ದಳು. ಓಯ್ರಿಕ್ ಹೊಸದೊಂದು ಸಾಲು ಕಟ್ಟಿದಳು. ಈ ಸಲ ಅದರಲ್ಲಿ ಲೇಡ್‌ಲಾನ ಹೆಸರಿತ್ತು.