ಬೆರಕೆಯಿಲ್ಲದ ಫ್ಲಾಸ್ಕು

ಶಿವಪ್ರಕಾಶನ ಫ್ಲಾಸ್ಕುಗಳಲ್ಲಿ ಮೆದುಳಿನ ಗಡ್ಡೆಯ ಕೋಶಗಳಲ್ಲದೆ ಬೇರೇನೂ ಇರುತ್ತಿರಲಿಲ್ಲ. ಪುಣೆಯ ಆ ಪ್ರಯೋಗಾಲಯದಲ್ಲಿ ಅವನಿಗಿದ್ದ ಹೆಸರೇ ಅದು. ಶಿವಾಜಿನಗರದ ಆಸ್ಪತ್ರೆಯಿಂದ ಬಂದ ಗಡ್ಡೆಯ ಚೂರನ್ನು ಬೆಳೆಸುವಾಗ ಅದರೊಳಗೆ ಸೇರಿಕೊಂಡ ರೋಗನಿರೋಧಕ ಕೋಶಗಳೂ ಬೆಳೆಯುತ್ತವೆ. ಗಡ್ಡೆಯ ಕೋಶಗಳು ಫ್ಲಾಸ್ಕಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಇವುಗಳ ಹಿಡಿತ ಸಡಿಲ. ಫ್ಲಾಸ್ಕನ್ನು ಅಲುಗಾಡಿಸಿದರೆ ಬಿಟ್ಟುಕೊಂಡು ದ್ರವದಲ್ಲಿ ತೇಲುತ್ತವೆ. ಆ ದ್ರವವನ್ನು ಅವನು ಚೆಲ್ಲುತ್ತ ಬಂದಿದ್ದ.

೨೦೦೭ರಲ್ಲಿ ಗುಲಬರ್ಗಾ ಕಡೆಯ ತ್ರಿವೇಣಿ ಸಂಶೋಧನೆಗೆ ಸೇರಿದಳು. ಚೆಲ್ಲುವುದನ್ನು ತನಗೆ ಕೊಡಿ ಎಂದಳು. ದೇಹ ಕಾಯಬೇಕಾದ ಆ ಕೋಶಗಳೇ ಗಡ್ಡೆಯನ್ನು ಸಾಕುತ್ತಿವೆ, ಅವುಗಳನ್ನು ಕೊಂದರೆ ಗಡ್ಡೆ ಸೊರಗುತ್ತದೆ ಎಂಬುದು ಅವಳ ವಾದ. ಮಾರ್ಗದರ್ಶಕರಾದ ಅಪ್ಪಾಸಾಹೇಬ ಸರ್ ಈಗೀಗ ಒಳಬಂದ ಕೂಡಲೇ ಅವಳ ಮೇಜಿನ ಬಳಿ ನಿಲ್ಲುತ್ತಿದ್ದರು. ಅಲ್ಲಿಗೆ ಶಿವಪ್ರಕಾಶನ ಮೇಜು ದಾಟಿಯೇ ಹೋಗಬೇಕಿತ್ತು.

"ಶಿವಪ್ರಕಾಶ ಅವ್ರ, ನಿಮ್ಮದೊಂದು ಫ್ಲಾಸ್ಕ್ ಬೇಕಾಗೇದರಿ," ಎಂದಳು ಒಂದು ದಿನ. "ನನ್ನ ಔಷಧ ಆ ನಿರೋಧಕ ಕೋಶಗಳನ್ನಷ್ಟ ಕೊಲ್ತದ ಅಂತ ತೋರಿಸ್ಬೇಕು. ಬರೇ ಗಡ್ಡಿ ಕೋಶ ಇದ್ದಲ್ಲಿ ಏನೂ ಆಗಬಾರದು."

"ನಾ ಚೆಲ್ಲಿದ್ದು ಬೇಕಿತ್ತು. ಈಗ ಇಟ್ಟದ್ದೂ ಬೇಕೇನು?"

"ಮನ್ಯಾಗ ತಂಗಿ ಹುಟ್ಟಿದ್ರ ಹಂಗರಿ, ಎಲ್ಲಾ ಹಂಚ್ಕೋಬೇಕು," ಎಂದು ನಕ್ಕಳು.

ಅವನು ಒಂದು ಫ್ಲಾಸ್ಕನ್ನು ಅಲುಗಾಡಿಸಿ, ದ್ರವ ಚೆಲ್ಲಿ, ಸೂಕ್ಷ್ಮದರ್ಶಕದ ಕೆಳಗಿಟ್ಟ. ಅಂಚಿನಲ್ಲಿ ನಿರೋಧಕ ಕೋಶಗಳ ಒಂದು ಗುಂಪು ಇನ್ನೂ ಅಂಟಿಕೊಂಡಿತ್ತು. ಹಾಗೇ ಬಿಟ್ಟರೆ ಔಷಧ ಹಾಕಿದಾಗ ಇಲ್ಲಿಯ ಗಡ್ಡೆಯೂ ಸೊರಗುತ್ತದೆ. ಔಷಧ ನೇರವಾಗಿ ಗಡ್ಡೆಯನ್ನೇ ಕೊಲ್ಲುತ್ತಿದೆ ಎಂದುಬಿಡುತ್ತಾರೆ ಸರ್. ಅಲ್ಲಿಗೆ ಅವಳ ವಾದ ಮುಗಿಯಿತು. ಅವನು ಮುಚ್ಚಳ ಬಿಗಿಮಾಡಿ, ಹಾಗೇ ಕೊಟ್ಟುಬಿಡಲು ಎದ್ದ.

ನಡುದಾರಿಯಲ್ಲಿ ನಿಂತ. ಅವಳು ನೋಡದೆ ಬಳಸುವವಳಲ್ಲ. ಆ ಗುಂಪನ್ನು ಕಾಣುತ್ತಾಳೆ, ಏನೂ ಅನ್ನುವುದಿಲ್ಲ, ತಾನೇ ಮತ್ತೊಮ್ಮೆ ಅಲುಗಾಡಿಸಿಕೊಳ್ಳುತ್ತಾಳೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಆ ಮೌನವನ್ನು ನೆನೆದೇ ಅವನ ಕಿವಿ ಬಿಸಿಯಾಯಿತು. ಹಿಂದಿರುಗಿ ಅಲುಗಾಡಿಸಿದ, ತೊಳೆದ, ಒಂದೂ ಉಳಿದಿಲ್ಲವೆಂದು ಖಚಿತವಾಗುವವರೆಗೆ ನೋಡಿದ. ಆಮೇಲೆ ಕೊಟ್ಟ.

ಔಷಧ ಹಾಕಿ ವಾರ ಕಳೆದ ಮೇಲೆ ಸರ್ ಎರಡೂ ಫ್ಲಾಸ್ಕು ನೋಡಿದರು. ಎರಡೂ ಬಗೆಯ ಕೋಶ ಬೆರೆತಿದ್ದ ಅವಳದರಲ್ಲಿ ಗಡ್ಡೆ ಸೊರಗಿತ್ತು. ಅವನದರಲ್ಲಿ ಏನೂ ಆಗಿರಲಿಲ್ಲ.

"ಶಾಬಾಸ್, ತ್ರಿವೇಣಿ!"

"ಇವರ ಫ್ಲಾಸ್ಕ್ ಇರದಿದ್ರ ಯಾರು ನಂಬ್ತಿದ್ರಿ, ಸರ್?"

ಸರ್ ಅವನತ್ತ ತಲೆಯಾಡಿಸಿ, ಮತ್ತೆ ಅವಳ ಫ್ಲಾಸ್ಕಿಗೇ ಕಣ್ಣು ಹಚ್ಚಿದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಚಹಾಕ್ಕೆ ಹೊರಟರು.

"ಬರ್ರಿ, ಇವತ್ತು ಚಹಾ ನಂದು," ಎಂದಳು ತ್ರಿವೇಣಿ.

"ನೀವು ನಡೀರಿ."

ಕೋಣೆ ಖಾಲಿಯಾದ ಮೇಲೆ ಅವನು ಅವಳ ಫ್ಲಾಸ್ಕಿನ ಮುಂದೆ ಕುಳಿತ. ಒಂದಾದರೂ ತಪ್ಪು ಸಿಗಲಿ ಎಂದು ಅಂಚಿನಿಂದ ಅಂಚಿಗೆ ಹುಡುಕಿದ. ಚಹಾ ಆರತದರಿ ಎಂದು ಅವಳು ಬಾಗಿಲಲ್ಲಿ ನಿಂತು ಕೂಗುವವರೆಗೂ ಹುಡುಕುತ್ತಲೇ ಇದ್ದ.