ಕಟ್ಟಿನೊಳಗಿನ ಅಮಟೆಕಾಯಿ

"ಬಿಚ್ಚೇ ಮಡ್ಲು! ಬಿಚ್ಚು ಅಂದೆ. ಕಳ್ಳ ಮುಂಡೆ, ಯಾರಪ್ಪನ ಜಾಗ ಅಂತ ಮಾಡಿದ್ದಿ?"

ನಿತ್ಯಾನಂದ ಸಾವಕಾರರ ದನಿ ಹಿತ್ತಿಲಿನಿಂದ ಅಡುಗೆಮನೆಯವರೆಗೆ ಬಂತು. ಕಾಯಿ ತುರಿಯುತ್ತಿದ್ದವಳು ಎದ್ದು ಕಿಟಕಿಯಿಂದ ಇಣುಕಿದೆ. ಮುಳ್ಳುತಂತಿಯ ಬೇಲಿಯ ಪಕ್ಕ ಮಳೆಯಲ್ಲಿ ತೊಯ್ದು ನಿಂತಿದ್ದವಳು ನನ್ನ ಅತ್ತೆ ಗಂಗೆ. ಸೆರಗು ತಂತಿಗೆ ಸಿಕ್ಕಿ ಹರಿದಿತ್ತು. ಮಡಿಲಲ್ಲಿ ಕೆಸುವಿನ ಎಲೆಯ ಕಟ್ಟು.

ಹೊನ್ನಾವರದ ಕಡೆಯಿಂದ ಬಂದ ಸಾವಕಾರರು ಮಾವಳ್ಳಿಯ ಈ ಗುಡ್ಡಕ್ಕೆ ಬೇಲಿ ಹಾಕಿ ಹೋಮ್‌ಸ್ಟೇ ಕಟ್ಟಿಸಿ ಎರಡು ವರ್ಷವಾಯಿತು. ಅದಕ್ಕೂ ಮೊದಲು ಮಳೆಗಾಲ ಪೂರ್ತಿ ನಮ್ಮ ಕೇರಿಯ ಪಲ್ಯ, ಸಾರು ಎಲ್ಲ ಈ ಗುಡ್ಡದ್ದೇ. ತಗಟೆ ಸೊಪ್ಪು, ಕಳಲೆ, ಕೆಸು. ಈಗ ಅವೇ 'ಕಾಡಿನ ಊಟ' ಎಂಬ ಬೋರ್ಡಿನ ಕೆಳಗೆ ಪಿಂಗಾಣಿ ಬಟ್ಟಲಲ್ಲಿ ಹೋಗುತ್ತವೆ. ಬೇಯಿಸುವವಳು ನಾನು. ಗಂಡ ತಿಮ್ಮ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲೆ ನಮ್ಮ ಒಲೆ ಉರಿಯುವುದು ಈ ಕೆಲಸದಿಂದಲೇ.

ಸಾವಕಾರರು ಕಿಟಕಿಯತ್ತ ತಿರುಗಿದರು. "ಏ ಗಣಪಿ, ಇವ್ಳು ನಿನ್ನ ಪೈಕಿಯಾ? ಹೌದಾದ್ರೆ ಇವ್ಳ ಸಂಗ್ತಿಗೆ ನೀನೂ ನಡಿ. ನಾಳಿಂದ ಬರೂದು ಬ್ಯಾಡ."

ಅತ್ತೆ ನನ್ನನ್ನು ನೋಡಿದಳು.

"ಗುರ್ತ ಇಲ್ಲ, ಸಾವ್ಕಾರ್ರೇ," ಅಂದೆ.

ತಕ್ಷಣ ಅವಳು ಮುಖ ಆಚೆ ತಿರುಗಿಸಿದಳು. "ನಂಗೆ ಇಲ್ಲಿ ಯಾರ ಗುರ್ತವೂ ಇಲ್ಲ. ದೂರದವ್ಳು ನಾನು. ನಿನ್ನ ಬೇಲಿಗೆ ಬೆಂಕಿ ಬೀಳ್ಲಿ, ತಕೋ ನಿನ್ನ ಸೊಪ್ಪು!" ಎಂದು ಕಟ್ಟನ್ನು ಕೆಸರಿಗೆ ಎಸೆದಳು. ನನ್ನ ಸುಳ್ಳಿಗೆ ಅವಳೇ ಸೆರಗು ಹೊದಿಸಿದಳು.

ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಅತಿಥಿಯೊಬ್ಬ ಮೊಬೈಲ್ ಎತ್ತಿ ಅವಳ ಕೊರಳಿನ ಮಣಿಸರದ ಫೋಟೋ ತೆಗೆದ. ಸಾವಕಾರರು ದನ ಅಟ್ಟಿದಂತೆ ಅವಳನ್ನು ಗೇಟಿನವರೆಗೆ ಅಟ್ಟಿದರು.

ಕಟ್ಟು ಅಡುಗೆಮನೆಗೇ ಬಂತು. ಸಾವಕಾರರ ಹೆಂಡತಿ ಉಮಕ್ಕ ಅದನ್ನು ಬಿಚ್ಚದೆಯೇ ಮೇಲಿನ ಕೆಸರು ತೊಳೆದು ನನ್ನ ಮುಂದಿಟ್ಟರು. "ತಾಜಾ ಇದೆ. ಮಧ್ಯಾಹ್ನಕ್ಕೆ ಇದ್ರದ್ದೇ ಮಾಡು."

ಕೈ ತಾನಾಗಿ ನಡೆಯಿತು. ಸುತ್ತಿದ್ದ ಬಳ್ಳಿ ಬಿಚ್ಚುವ ಮೊದಲೇ ಎಲೆಗಳ ನಡುವೆ ಬೆರಳು ತೂರಿಸಿ ನಾಲ್ಕು ಅಮಟೆಕಾಯಿ ಹೊರತೆಗೆದಿಟ್ಟೆ. ಹುಳಿಯಿಲ್ಲದೆ ಬೇಯಿಸಿದ ಕೆಸು ಗಂಟಲು ತುರಿಸುತ್ತದೆ. ನಾನು ಸೊಸೆಯಾಗಿ ಬಂದ ಮೊದಲ ಮಳೆಗಾಲ ಹುಳಿ ಹಾಕಲು ಮರೆತು ಮನೆಮಂದಿಯೆಲ್ಲ ಗಂಟಲು ಹಿಡಿದು ಕೂರುವಂತೆ ಮಾಡಿದ್ದೆ. ಅತ್ತೆ ಬೈಯಲಿಲ್ಲ. ಅಂದಿನಿಂದ, ನಾನು ಮರೆಯದಿರಲೆಂದು, ಕೆಸುವಿನ ಕಟ್ಟಿನ ಹೊಟ್ಟೆಯೊಳಗೇ ಅಮಟೆಕಾಯಿ ಇಟ್ಟು ತರುತ್ತಾಳೆ.

"ಒಳ್ಗೆ ಅಮಟೆಕಾಯಿ ಇದ್ದದ್ದು ನಿಂಗೆ ಹ್ಯಾಂಗೆ ಗುತ್ತಾತೇ?" ಉಮಕ್ಕ ಕಣ್ಣು ಕಿರಿದು ಮಾಡಿದರು.

"ಎಲ್ರೂ ಹಂಗೇ ಕಟ್ತಾರೆ, ಅಮ್ಮ."

ಊಟಕ್ಕೆ ಕೂತವರು ಬೆರಳು ನೆಕ್ಕಿದರು. ಫೋಟೋ ತೆಗೆದವನೇ ಕೇಳಿದ, "ಇದನ್ನ ಯಾರು ಕೊಯ್ದು ತರ್ತಾರೆ?"

"ನಮ್ಮಲ್ಲಿಯ ಹೆಂಗಸರೇ ಸರ್. ಮನೆಯವರಿದ್ದ ಹಾಗೆ," ಅಂದರು ಸಾವಕಾರರು. ನಾನು ನೆಲ ನೋಡುತ್ತ ಅವನಿಗೆ ಇನ್ನೊಂದು ಸೌಟು ಬಡಿಸಿದೆ.

ಸಂಜೆ ಮನೆಗೆ ಬಂದರೆ ಮಗಳು ದಿವ್ಯಶ್ರೀ ಗಂಜಿಯ ಮುಂದೆ ಮೂತಿ ಉಬ್ಬಿಸಿ ಕೂತಿದ್ದಳು. "ಅಜ್ಜಿ ಕೆಸು ತತ್ತೆ ಅಂದಿತ್ತು. ಬರೀ ಉಪ್ಪು ಹಾಕಿ ಕೊಟ್ಟದೆ."

"ಗುಡ್ಡಕ್ಕೆ ಹೋಗ್ಲೇ ಇಲ್ಲ ಮಗಾ, ಕಾಲು ನೋವು," ಅಂದಳು ಅತ್ತೆ, ಹರಿದ ಸೆರಗು ಹೊಲಿಯುತ್ತ. "ಬಂದ್ಯಾ ತಂಗಿ? ಕೈಕಾಲು ತೊಳ್ಕೋ. ಗಂಜಿ ಬಿಸಿ ಇದೆ."

ಬೈದಿದ್ದರೆ ಹಗುರವಾಗುತ್ತಿತ್ತು. ಮಗಳನ್ನು ಮಡಿಲಿಗೆ ಎಳೆದುಕೊಂಡು ಉಣಿಸಲು ಹೋದೆ. ಅವಳು ನನ್ನ ಬೆರಳು ಮೂಸಿದಳು. "ಅಬ್ಬೇ, ನಿನ್ನ ಕೈ ಅಮಟೆಕಾಯಿ ವಾಸ್ನೆ ಬತ್ತದೆ. ನೀ ಒಬ್ಳೇ ಕೆಸು ತಿಂದ್ಯಾ?"

ಅತ್ತೆಯ ಸೂಜಿ ನಿಂತಿತು. ಆಮೇಲೆ ಮತ್ತೆ ಹೊಲಿಯತೊಡಗಿತು.

ಬೆಳಿಗ್ಗೆ ಪಾತ್ರೆ ತೊಳೆದು, ತಿಮ್ಮನಿಗೆ ಗಂಜಿ ಕುಡಿಸಿ, ಮಗಳನ್ನು ಶಾಲೆಗೆ ಕಳಿಸಿದೆ. ಅತ್ತೆಯ ಕೈ ಹಿಡಿದೆ. ಎಲ್ಲಿಗೆ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಬಂದಳು. ಬೇಲಿಯ ಹತ್ತಿರ ಬಂದು ಕೆಳಗಿನ ತಂತಿಯನ್ನು ಕಾಲಿನಿಂದ ಒತ್ತಿ, ಮೇಲಿನದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಮುಳ್ಳು ಅಂಗೈಗೆ ಇಳಿಯಿತು.

"ಮರ್ಳು ಹಿಡೀತನೇ ನಿಂಗೆ? ಕೆಲ್ಸ ಹೋತದೆ!"

"ಬಗ್ಗು, ಅತ್ತೆ. ಸೆರಗು ನೋಡ್ಕೋ."

ಜಗಲಿಯಿಂದ ಸಾವಕಾರರು ಕೂಗಿದರು. "ಏ ಗಣಪಿ! ಯಾರೇ ಅದು?"

"ನನ್ನತ್ತೆ," ಅಂದೆ. ದನಿ ಮೆಲ್ಲಗಿತ್ತು. ಅವರಿಗೆ ಕೇಳಿಸಿರಲಿಕ್ಕಿಲ್ಲ. ಅತಿಥಿಗಳೂ ಎದ್ದು ನೋಡುತ್ತಿದ್ದರು. ಉಸಿರು ತೆಗೆದು ಮತ್ತೆ ಕೂಗಿದೆ. "ನನ್ನತ್ತೆ ಗಂಗೆ! ನಿನ್ನೆ ನೀವು ಉಂಡ ಸೊಪ್ಪು ಕೊಯ್ದವ್ಳು!"

ಅತ್ತೆ ಆಗಲೇ ತಂತಿಗಳ ನಡುವೆ ನುಸುಳಿ ಕೆಸುವಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಎಂದಿನಂತೆ ಪ್ರತಿ ಬುಡದಲ್ಲೂ ಎಳೆ ಸುಳಿ ಬಿಟ್ಟು ಎಲೆ ಮುರಿಯುತ್ತಿದ್ದಳು. ಸಾವಕಾರರು ಕೋಲು ಹಿಡಿದು ಮೆಟ್ಟಿಲು ಇಳಿದರು.

ನಾನು ತಂತಿ ಬಿಡಲಿಲ್ಲ. ಅವಳು ಮರಳಿ ಬರಬೇಕಲ್ಲ.