ಒರೆಸದ ಕುಂಕುಮ

ನನ್ನ ಮೂಗಿನ ಮೇಲಿದ್ದ ಸಿದ್ದಾಜಮ್ಮನ ಹೆಸರನ್ನು ಕೆರೆದು ತೆಗೆದು, ಅಲ್ಲಿ ನಚಿಕೇತನ ಹೆಸರು ಬರೆದರು.

ನಾನು ಎರಡು ಸೀಟಿನ ಒಂದು ಪುಟ್ಟ ವಿಮಾನ. ಹುಟ್ಟಿದ್ದು ಮೈಸೂರಿನಾಚೆಯ ಹಾರಾಟದ ಕ್ಲಬ್ಬೊಂದರ ಶೆಡ್ಡಿನಲ್ಲಿ. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ನನ್ನನ್ನು ಜೋಡಿಸಿ, ರಿವೆಟ್ ಹೊಡೆದು, ರೆಕ್ಕೆ ಕಟ್ಟಿ ನಿಲ್ಲಿಸಿದವಳು ಸಿದ್ದಾಜಮ್ಮ. ಚಾಮರಾಜನಗರದ ಕಡೆಯವಳು, ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದಳು. ಅವಳು ಯಾವ ಕೇರಿಯವಳೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ತಿಳಿಸುವವರೂ ಇದ್ದರು. ಕ್ಲಬ್ಬಿನ ಧಣಿ ತ್ರಿಯಂಬಕರಾಯರು ನನ್ನನ್ನು ತರಿಸಿದ್ದು ಭೂಮಿ ಸುತ್ತಿ ಬರುವ ವಿಮಾನ ಪಂದ್ಯಕ್ಕೆ. ನೀನೇ ಹಾರಿಸಬೇಕಮ್ಮ ಎಂದು ಎಲ್ಲರೆದುರು ಮಾತು ಕೊಟ್ಟಿದ್ದರು.

ಅವಳು ನನ್ನ ಬೆನ್ನಿನೊಳಗೆ ಇನ್ನೊಂದು ಪೆಟ್ರೋಲ್ ಟ್ಯಾಂಕ್ ಕೂರಿಸಿದಳು. ಯಾವ ಎತ್ತರದಲ್ಲಿ ನನಗೆಷ್ಟು ಬಾಯಾರಿಕೆ ಎಂದು ಹಾರಿಹಾರಿ ತಿಳಿದುಕೊಂಡಳು. ದಿನವಿಡೀ ಸೀಟು ಬಿಡದೆ ಕೂರುವುದನ್ನು ಕಲಿತಳು. ಸಮುದ್ರಕ್ಕೆ ಬಿದ್ದರೆ ತೇಲಬೇಕಲ್ಲ? ತೇಲುವ ಅಂಗಿ ತೊಟ್ಟು ಕ್ಲಬ್ಬಿನ ಈಜುಕೊಳಕ್ಕೆ ಇಳಿಯುತ್ತೇನೆ ಎಂದಾಗ, ನೀರು ಬದಲಿಸುವ ಹಿಂದಿನ ದಿನ ಬಾ ಎಂದರು ರಾಯರು. ಅವಳು ಆ ದಿನವೇ ಹೋಗಿ, ಪಾಚಿಗಟ್ಟಿದ ನೀರಿನಲ್ಲಿ ತೇಲಿ ಬಂದಳು. ಒದ್ದೆ ತಲೆಯಲ್ಲೇ ಬಂದು ನನ್ನ ಮೂಗು ಸವರಿದ್ದು ನೆನಪಿದೆ.

ಟಿವಿಯವರು ಬರುತ್ತಾರೆಂದು ಗೊತ್ತಾದ ಮೇಲೆ ರಾಯರಿಗೆ ಮಗನ ನೆನಪಾಯಿತು. ನಚಿಕೇತನಿಗೆ ಲೈಸೆನ್ಸಿತ್ತು. ಆಕಾಶ ತಿಳಿಯಾಗಿದ್ದ ಭಾನುವಾರಗಳಲ್ಲಿ ಹಾರುತ್ತಿದ್ದ. ಹೆಸರು ಕೆರೆಯುವಾಗ ನನಗೆ ಉರಿಯಿತು. ಆ ಉರಿಯನ್ನು ನಾನು ಆರಲು ಬಿಡಲಿಲ್ಲ.

ಆಯುಧಪೂಜೆ ಬಂತು. ನನ್ನ ಎಡರೆಕ್ಕೆಯ ಕೆಳಗೆ ಬೆರಳುದ್ದದ ಒಂದು ಕೊಳವೆಯಿದೆ. ಅದರ ಬಾಯಿಗೆ ಗಾಳಿ ಹೊಕ್ಕರೆ ಮಾತ್ರ ಹಾರಿಸುವವರ ಎದುರಿನ ವೇಗ ತೋರಿಸುವ ಮುಳ್ಳು ಏಳುತ್ತದೆ. ಹಿಂದಿನ ವರ್ಷ ಸಿದ್ದಾಜಮ್ಮ ಆ ಬಾಯಿಗೆ ಬಟ್ಟೆಯ ಚೀಲ ತೊಡಿಸಿ, ಆಮೇಲೆ ಕುಂಕುಮ ಇಟ್ಟಿದ್ದಳು. ಈ ಸಲ ಅವಳನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ನಚಿಕೇತ ಗಂಧ ಕುಂಕುಮ ಕಲಸಿ, ಎಲ್ಲೂ ಬಿಡದಂತೆ ಹಚ್ಚಿದ. ಕೊಳವೆಯ ಬಾಯಿಗೂ ಹೆಬ್ಬೆರಳಿಟ್ಟು ಒತ್ತಿದ.

ಮರುದಿನ ವಿಜಯದಶಮಿ, ಪಂದ್ಯದ ಭಾರ ಹೊತ್ತು ಹಾರಿ ತೋರಿಸುವ ದಿನ. ನೆಂಟರು, ಟಿವಿಯವರು, ಬೋಂಡಾ ಕಾಫಿ. ಹಗ್ಗದ ಆಚೆಯಿಂದ ಸಿದ್ದಾಜಮ್ಮ, ಕೊಳವೆಯ ಬಾಯಿ ಒರೆಸಿ ಎಂದಳು. ಒರೆಸಲು ಮುಂದೂ ಬಂದಳು.

‘ಪೂಜೆ ಆಗಿರೋದನ್ನ ನೀನು ಮುಟ್ಟಬೇಡ ಕಣಮ್ಮ,’ ಎಂದರು ರಾಯರು. ‘ದೇವರ ಕುಂಕುಮ ಒರೆಸೋದುಂಟಾ?’

ಅವಳು ಎಚ್ಚರಿಸಿದಳು, ಅವಳು ನನಗಿಂತ ಒಳ್ಳೆಯವಳು. ನನಗೆ ಮಾತ್ರ ಖುಷಿಯಾಯಿತು.

ಟ್ಯಾಂಕುಗಳು ತುಂಬಿದ್ದವು. ನಚಿಕೇತ ನನ್ನನ್ನು ಓಡಿಸಿದ. ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ನನ್ನ ರೆಕ್ಕೆಗಳಿಗೆ ಗಾಳಿ ದಕ್ಕಿತ್ತು. ಅವನು ಹಿಡಿಕೋಲು ಎಳೆದಿದ್ದರೆ ಏಳುತ್ತಿದ್ದೆ. ಅವನು ಮುಳ್ಳನ್ನೇ ನೋಡುತ್ತ ಕೂತ. ಸಿದ್ದಾಜಮ್ಮನಾಗಿದ್ದರೆ ಸೀಟಿನ ಕೆಳಗಿನ ನಡುಕದಲ್ಲೇ ತಿಳಿಯುತ್ತಿದ್ದಳು. ನಾನಾಗಿಯೇ ಏಳಬಹುದಿತ್ತು. ಏಳಲಿಲ್ಲ. ರನ್‌ವೇ ಮುಗಿಯಿತು. ಬೇಲಿ ಮುರಿದು, ಚರಂಡಿಗೆ ಮೂಗು ತೂರಿಸಿ ನಿಂತೆ. ಮೂಗಿನ ಫ್ಯಾನು ಮುರುಟಿತು, ಮುಂಗಾಲು ಮುರಿಯಿತು. ಕೆಸರಿನಿಂದ ಎದ್ದು ಬಂದ ನಚಿಕೇತನನ್ನು ಟಿವಿಯವರು ಕ್ಯಾಮೆರಾ ತುಂಬ ಹಿಡಿದುಕೊಂಡರು. ನೋವಾಗಲಿಲ್ಲವೇ ಎಂದು ಕೇಳಬೇಡಿ. ಆಯಿತು. ಇನ್ನೊಮ್ಮೆ ಆಗಬೇಕೆಂದರೂ ಸಿದ್ಧ.

ಈಗ ನಾನು ಶೆಡ್ಡಿನ ಹಿಂದೆ ಹುಲ್ಲಿನಲ್ಲಿದ್ದೇನೆ. ಭೂಮಿ ಸುತ್ತಲಿಲ್ಲ. ರೆಕ್ಕೆಯಲ್ಲಿ ಮೈನಾ ಸಂಸಾರ ಹೂಡಿದೆ. ಮೂಗಿನ ಮೇಲಿನ ನಚಿಕೇತನ ಹೆಸರು ಬಿಸಿಲಿಗೆ ಸಿಪ್ಪೆ ಏಳುವಾಗಲೆಲ್ಲ, ಆ ಸಂಜೆ ನೆನಪಾಗುತ್ತದೆ.

ನನ್ನನ್ನು ಚರಂಡಿಯಿಂದ ಎಳೆದು ಶೆಡ್ಡಿಗೆ ತಂದಿದ್ದರು. ಪಂದ್ಯಕ್ಕೆ ಇನ್ನೂ ದಿನಗಳಿದ್ದವು. ರಾಯರು ಸಿದ್ದಾಜಮ್ಮನನ್ನು ಕರೆಸಿದರು. ದನಿ ಬೆಣ್ಣೆಯಾಗಿತ್ತು. ಇದನ್ನು ಸರಿಮಾಡು, ನೀನೇ ಹಾರಿಸು, ಮಗ ಪಕ್ಕದಲ್ಲಿ ಕೂರುತ್ತಾನೆ ಎಂದರು. ಹೆಸರು ಮಾತ್ರ ಅವನದೇ.

‘ಪ್ರತಿ ಊರಲ್ಲೂ ಮೊದಲು ಅವನು ಇಳೀತಾನೆ. ಫೋಟೋ ಮುಗಿಯೋವರೆಗೆ ನೀನು ತಲೆ ತಗ್ಗಿಸಿ ಒಳಗೇ ಕೂತಿರು. ಪ್ರಪಂಚ ನೋಡಿದ ಹಾಗೂ ಆಯ್ತಲ್ಲಮ್ಮ.’

ಪ್ರಪಂಚ ನೋಡುವ ಆಸೆ ಅವಳಿಗೆಷ್ಟಿತ್ತೆಂದು ನನಗೆ ಗೊತ್ತು. ಅವಳು ಬಗ್ಗಿ, ಎಡರೆಕ್ಕೆಯ ಕೊಳವೆಯನ್ನು ನೋಡಿದಳು. ಒಣಗಿದ ಕುಂಕುಮ ಹಾಗೆಯೇ ಇತ್ತು. ಮುಟ್ಟಲಿಲ್ಲ.

‘ನೀರು ಬದಲಿಸೋ ಹಿಂದಿನ ದಿನ ಬಾ ಅಂದ್ರಿ ರಾಯರೇ, ಬಂದೆ,’ ಎಂದಳು. ‘ಇದಕ್ಕೆ ಬರಲ್ಲ.’